ನನ್ನ ಒಂದು ಓಟು, ಬಾಗಿಲಲ್ಲಿ ಐದು ಜನ

ಗೆಳೆಯರೇ, ಮಧುಗಿರಿಯ ನಮ್ಮ ಕಾಲೇಜಿನಲ್ಲಿ ಪ್ರೆಸಿಡೆಂಟರನ್ನು ಆರಿಸುವವರು ನಾವಲ್ಲ, ನಾವು ಗೆಲ್ಲಿಸಿದ ಕ್ಲಾಸ್ ಪ್ರತಿನಿಧಿಗಳು. ಬೆಳಿಗ್ಗೆ ನಮ್ಮ ಕ್ಲಾಸಿನಲ್ಲಿ ಗಿರೀಶ ಒಂದೇ ಓಟಿನಿಂದ ಗೆದ್ದ. ಮಧ್ಯಾಹ್ನ ಪ್ರೆಸಿಡೆಂಟ್ ಸ್ಥಾನಕ್ಕೆ ನಿಂತಿರುವ ಸೀನಿಯರ್ ರಂಗಪ್ಪ ಅವನನ್ನು ಗೊರವನಹಳ್ಳಿಗೆ ಕರೆದೊಯ್ದು, ಲಕ್ಷ್ಮಿಯ ಮುಂದೆ ಕರ್ಪೂರ ಆರಿಸಿ, ಓಟು ತನಗೇ ಎಂದು ಆಣೆ ಮಾಡಿಸಿಕೊಂಡು ಬಂದ.

"ನಾವು ಅವನನ್ನ ಗೆಲ್ಲಿಸಿದ್ದು ನಿಮ್ಮ ಎದುರಾಳಿಗೆ ಓಟು ಹಾಕ್ಲಿ ಅಂತ ಅಲ್ವಾ, ಅಣ್ಣ?" ಎಂದು ಹೆದರುತ್ತಲೇ ಕೇಳಿದೆ.

"ಲೇ, ನಿನ್ನೋಟು ಅವನಿಗೋಯ್ತು, ಅವನೋಟು ನಂಗ್ ಬಂತು. ನಿಂದು ಅಲ್ಲಿಗೆ ಮುಗೀತು ಕಣ್ಲಾ!" ಎಂದು ರಂಗಪ್ಪ ನಕ್ಕ.

ಈಗ ಗಿರೀಶನೆದುರು ಸೋತವನ ಕಡೆಯ ಐವರು ನನ್ನ ಹಾಸ್ಟೆಲ್ ರೂಮಿನ ಬಾಗಿಲು ಬಡಿಯುತ್ತಿದ್ದಾರೆ: "ನಮ್ಮನ್ನ ಕೆಡಿಸಿದ ಆ ಒಂದೋಟು ನಿಂದೇ ಏನ್ಲಾ? ಹೊರಗ್ ಬಾ!"

ನನ್ನ ಓಟಿಗೆ ಬೆಲೆಯಿದೆ ಎಂದು ಇಡೀ ಕಾಲೇಜಿನಲ್ಲಿ ನಂಬಿರುವವರು ಇವರು ಮಾತ್ರ. ಆದರೂ ಚಿಲಕ ತೆಗೆಯಲು ಧೈರ್ಯ ಬರುತ್ತಿಲ್ಲ.