ಧ್ವನಿ ನಿಲ್ಲಿಸಿ ನೋಡಿದ ಸಿನಿಮಾ

ಮೈಮೇಲೆ ಬರುವುದು ಎಂಬುದರಲ್ಲಿ ನನಗೆ ನಂಬಿಕೆ ಇರಲಿಲ್ಲ. ನಮ್ಮ ಕುಟುಂಬದಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ ಆದ್ದರಿಂದ, ಅದನ್ನು ನಂಬದಿರುವುದು ನನ್ನ ಕರ್ತವ್ಯವೆಂದೇ ತಿಳಿದಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ಮೂಡಿಗೆರೆಯ ಗೆಳೆಯರ ಬಳಗವೊಂದು, ದೆವ್ವ ಹಿಡಿದ ಹೆಂಗಸಿನ ಕಥೆಯುಳ್ಳ ಸಿನಿಮಾವೊಂದರ ಗುಣದೋಷಗಳ ಬಗ್ಗೆ ಮಾತನಾಡುವಂತೆ ನನ್ನನ್ನು ಕೇಳಿತು. ಜನರ ಮುಂದೆ ತಪ್ಪಾಡಬಾರದೆಂಬ ಅಳುಕಿನಿಂದ, ಒಮ್ಮೆ ನೋಡಿದ್ದ ಆ ಸಿನಿಮಾವನ್ನು ಒಂದು ಭಾನುವಾರ ಮಧ್ಯಾಹ್ನ ಗೋಣಿಬೀಡಿನ ನಮ್ಮ ಮನೆಯ ಟಿವಿಯಲ್ಲಿ ಮತ್ತೆ ಹಾಕಿಕೊಂಡು ಕುಳಿತೆ. ಅಮ್ಮ ಮತ್ತು ದೊಡ್ಡಮ್ಮ ಜೊತೆಗಿದ್ದರು.

ಅಕ್ಕತಂಗಿಯರಿಬ್ಬರೂ ಒಂದೇ ಎಸ್ಟೇಟಿನಲ್ಲಿ ಕಾಫಿ ಕೊಯ್ದವರು. ಪ್ರತಿ ವರ್ಷ ಕೊಯ್ಲಿಗೆ ಮುನ್ನ ತೋಟದಂಚಿನ ಚೌಡಿ ಬನದಲ್ಲಿ ಪೂಜೆಯಾಗುವಾಗ, ಚೌಡಮ್ಮ ಬರುತ್ತಿದ್ದುದು ದೊಡ್ಡಮ್ಮನ ಮೈಮೇಲೆ. ಆಗ ಅವಳು ಕೂಗುತ್ತಿರಲಿಲ್ಲ. ಮೆಲ್ಲಗೆ, ಎಲ್ಲರನ್ನೂ, ಎಸ್ಟೇಟಿನ ಸಾಹುಕಾರರನ್ನು ಕೂಡ, ‘ಮಗನೇ’, ‘ಮಗಳೇ’ ಎಂದು ಕರೆದು ಮಾತನಾಡುತ್ತಿದ್ದಳು. ಹಿಂದಿನ ವರ್ಷ ಪಾರ್ಶ್ವವಾಯು ಬಡಿದು ಅವಳ ಮಾತು ನಿಂತಿತ್ತು. ‘ಬ, ಬ’ ಎಂಬುದಷ್ಟೇ ಹೊರಡುತ್ತಿತ್ತು. ಚೌಡಮ್ಮನೂ ಬರುವುದನ್ನು ಬಿಟ್ಟಳು. ಅಮ್ಮನನ್ನು ಅವಳು ‘ರುಕ್ಕೂ’ ಎಂದು ಕರೆಯುತ್ತಿದ್ದಳು. ಆ ಕರೆಯನ್ನು ಇನ್ನೊಮ್ಮೆ ಕೇಳಬೇಕೆಂಬುದೇ ಅಮ್ಮನಿಗೆ ಉಳಿದಿದ್ದ ಆಸೆ. ಆ ಮೈಯೊಳಗೆ ಅಕ್ಕ ಇನ್ನೂ ಇದ್ದಾಳೋ ಇಲ್ಲವೋ ಎಂದು ಅಮ್ಮ ಯಾರಿಗೂ ಕಾಣದಂತೆ ಅಳುತ್ತಿದ್ದುದನ್ನು ನಾನು ಬಲ್ಲೆ.

ಸಿನಿಮಾದ ಮೊದಲರ್ಧ ನಿಜಕ್ಕೂ ಉತ್ತಮವಾಗಿತ್ತು. ದೆವ್ವವನ್ನು ತೋರಿಸುವುದೇ ಇಲ್ಲ. ಎಂದೂ ಎಡಗೈಯಲ್ಲಿ ಬಡಿಸದವಳು ಒಂದು ದಿನ ಎಡಗೈಯಲ್ಲಿ ಅನ್ನ ಬಡಿಸುತ್ತಾಳೆ. ಗಂಡ ಅದನ್ನು ಗಮನಿಸಿಯೂ ಸುಮ್ಮನೆ ಉಣ್ಣುತ್ತಾನೆ. ಅಷ್ಟಕ್ಕೇ ಮೈ ಜುಮ್ಮೆನ್ನುತ್ತದೆ. ಆಮೇಲೆ ಕೆಡುತ್ತದೆ. ಬಿಳಿಗಣ್ಣು, ಗಂಡಸಿನ ದಪ್ಪ ದನಿ, ಹಾರಾಡುವ ಪಾತ್ರೆಗಳು. ದೆವ್ವ ಯಾರೆಂದು ವಿವರಿಸುವ ಭರದಲ್ಲಿ, ಆ ಹೊತ್ತಿನಲ್ಲಿ ಆ ಹೆಂಗಸು ಎಲ್ಲಿದ್ದಾಳೆ ಎಂದು ಸಿನಿಮಾ ಒಮ್ಮೆಯೂ ಕೇಳುವುದಿಲ್ಲ. ಇದೇ ದೊಡ್ಡ ದೋಷವೆಂದು ನಾನು ಮನಸ್ಸಿನಲ್ಲಿಯೇ ಅಂದುಕೊಂಡೆ.

“ಇವ್ಳಿಗೆ ದೆವ್ವ ಹಿಡ್ದಿದ್ದಾ, ಚಗಳಿ ಇರುವೆ ಕಚ್ಚಿದ್ದಾ?” ಎಂದು ಅಮ್ಮ ನಕ್ಕಳು. “ಕಿವಿ ತೂತು ಬೀಳ್ತದೆ. ಸೌಂಡ್ ತೆಗಿ ಮಾರಾಯ್ತಿ.”

ನಟಿಯ ಮುಖಭಾವವನ್ನಷ್ಟೇ ಗಮನಿಸೋಣವೆಂದು ನಾನೂ ಧ್ವನಿ ನಿಲ್ಲಿಸಿದೆ. ತೆರೆಯ ಮೇಲೆ ಅವಳ ಬಾಯಿ ತೆರೆದೇ ಇತ್ತು. ಮನೆಯೊಳಗೆ ಯಾವ ಸದ್ದೂ ಇರಲಿಲ್ಲ. ಆಗ ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು ಮಾತನಾಡಿದಳು.

“ಅಳಬೇಡ ಮಗಳೇ. ಇವ್ಳು ನನ್ ಹತ್ರ ಇದಾಳೆ. ಇವ್ಳ ಮಾತೂ ಜೋಪಾನವಾಗಿ ಐತೆ.”

ಒಂದಕ್ಷರವೂ ತೊದಲಲಿಲ್ಲ. ಬನದಲ್ಲಿ ಕೇಳಿದ್ದ ಅದೇ ಮೆಲುದನಿ. ಅಮ್ಮ ಕುರ್ಚಿಯಿಂದಿಳಿದು ನೆಲದ ಮೇಲೆ ಕುಳಿತು ಕೈಮುಗಿದಳು.

“ಯಾವಾಗ ಕೊಡ್ತೀಯವ್ವಾ?”

ದೊಡ್ಡಮ್ಮ ಕಣ್ಣು ತೆರೆದು, ತಂಗಿ ಯಾಕೆ ನೆಲದ ಮೇಲೆ ಕುಳಿತಿದ್ದಾಳೆಂದು ತಿಳಿಯದವಳಂತೆ ನೋಡಿ, ‘ಬ, ಬ’ ಎಂದಳು.

ಮಾತು ಹೋದವರು ರೂಢಿಯ ಹಾಡನ್ನೋ ಪ್ರಾರ್ಥನೆಯನ್ನೋ ಒಮ್ಮೊಮ್ಮೆ ಸಲೀಸಾಗಿ ಹೇಳುವುದುಂಟು ಎಂದು ವೈದ್ಯರು ತಿಳಿಸಿದರು. ಒಪ್ಪಿದೆ. ಆದರೆ ಆ ಮಾತನ್ನು ಬನದಲ್ಲಿ ಯಾರೂ ಹಿಂದೆ ಕೇಳಿದವರಲ್ಲ. ‘ಅವಳು ಎಲ್ಲಿದ್ದಾಳೆ’ ಎಂಬ, ಸಿನಿಮಾ ಕೇಳದೆ ಬಿಟ್ಟ ಪ್ರಶ್ನೆಯನ್ನು ನಾನೂ ಬಾಯಿಬಿಟ್ಟು ಆಡಿರಲಿಲ್ಲ.

ಬಳಗದ ಸಭೆಯಲ್ಲಿ ಎಡಗೈಯ ದೃಶ್ಯವನ್ನು ಹೊಗಳಿದೆ, ಕೊನೆಯ ಗದ್ದಲವನ್ನು ಟೀಕಿಸಿದೆ. ಆ ಪ್ರಶ್ನೆಯನ್ನು ಬಿಟ್ಟು ಮಾತು ಮುಗಿಸಿದೆ.

ದೊಡ್ಡಮ್ಮ ಮತ್ತೆ ಮಾತನಾಡಿಲ್ಲ. ಇಂದಿಗೂ ಭಾನುವಾರ ಮಧ್ಯಾಹ್ನ ಅಮ್ಮ ಟಿವಿ ಹಾಕಿ, ಧ್ವನಿ ನಿಲ್ಲಿಸಿ, ಅಕ್ಕನ ಪಕ್ಕದಲ್ಲಿ ಕೂರುತ್ತಾಳೆ. ತೆರೆಯ ಮೇಲೆ ಯಾರ್ಯಾರೋ ಬಾಯಾಡಿಸುತ್ತಿರುತ್ತಾರೆ. ನನಗೆ ಯಾವ ವಿವರಣೆಯೂ ಸಿಕ್ಕಿಲ್ಲ. ಆದರೂ ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರೆ, ನಾನು ನಲ್ಲಿಯನ್ನು ನಿಲ್ಲಿಸುತ್ತೇನೆ.