ಓರೆಗೆ ಬಿದ್ದ ಒಲೆಮನೆ

"ಬೂಟು ಕತ್ತರಿಸಿದವನ ಕೈಗೆ ಬಟ್ಟೆ ಕೊಡ್ತೀಯಲ್ಲೇ, ನಿನಗೇನು ತಲೆ ಕೆಟ್ಟಿದೆಯಾ?"

ಭಾವ ಅಕ್ಕನಿಗೆ ಆಡಿದ ಈ ಮಾತು ಸಿಡುಕಣ್ಣನ ಹೊಟ್ಟೆಯಲ್ಲಿ ಇವತ್ತಿಗೂ ಅರಗಿಲ್ಲ. ಆಡಿದ್ದಾದರೂ ಹೇಗೆ? ಚಹಾದ ಲೋಟದಿಂದ ಮುಖ ಎತ್ತದೆ, ಎದುರಿಗೆ ಕೂತವನು ಮನುಷ್ಯನೇ ಅಲ್ಲ, ಮುಕ್ಕಾಲಿ ಅನ್ನುವ ಹಾಗೆ. ಮಾತು ಸುಳ್ಳಾಗಿದ್ದರೆ ಎಂದೋ ಮರೆತುಬಿಡಬಹುದಿತ್ತು. ಹಾಳಾದ್ದು, ನಿಜವಾಗಿಹೋಯಿತು. ಸಿಟ್ಟು ಅದಕ್ಕೇ.

ಸಿಡುಕಣ್ಣ ಅನ್ನುವುದು ಬೂಟಿನ ಕಾರ್ಖಾನೆಯವರು ಇಟ್ಟ ಹೆಸರು. ಅಲ್ಲಿ ಅವನು ಚರ್ಮ ಕತ್ತರಿಸುವ ಯಂತ್ರದ ಮುಂದೆ ಅರ್ಧ ಆಯುಸ್ಸು ನಿಂತಿದ್ದ. ಒಂದು ದಿನ ಮೇಸ್ತ್ರಿ ಏನೋ ಅಂದ, ಇವನು ಇನ್ನೇನೋ ಅಂದ, ಸಂಜೆಯ ಹೊತ್ತಿಗೆ ಇವನ ಬುತ್ತಿಡಬ್ಬಿ ಗೇಟಿನ ಹೊರಗಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಅಂತಾರಲ್ಲ, ಹಾಗೆ. ಆಮೇಲೆ ಅವನನ್ನು ಕರೆದು ಒಳಗೆ ಕೂರಿಸಿಕೊಂಡವಳು ಒಬ್ಬಳೇ, ಅಕ್ಕ.

ಬೀದಿಯವರಿಗೆಲ್ಲ ಅವಳು ಕೌದಿಯಕ್ಕ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಬಳಿ ಹೊಲಿಗೆಯಂತ್ರ, ಗೋಡೆಯುದ್ದಕ್ಕೂ ಬಣ್ಣದ ಪ್ರಕಾರ ಮಡಿಸಿಟ್ಟ ಬಟ್ಟೆಚೂರು, ನಡುವೆ ಇಸ್ತ್ರಿ ಮಾಡುವ ಮೇಜು. ಗಿರಾಕಿ ಹಳೆಯ ಬಟ್ಟೆಯ ಗಂಟು ಬಿಚ್ಚಿದರೆ ಅವಳು ಮೊದಲು ನೋಡುವುದಿಲ್ಲ, ಮುಟ್ಟುತ್ತಾಳೆ. ಮುಟ್ಟಿ, "ಇದು ಇನ್ನೂ ಹತ್ತು ವರ್ಷ ದುಡಿಯುತ್ತೆ", "ಇದಕ್ಕೆ ಪಾಪ, ನಿವೃತ್ತಿ ಕೊಡಿ" ಎಂದು ತೀರ್ಪು ಕೊಡುತ್ತಾಳೆ. ಬೈಯುವುದಿದ್ದರೂ ನಗುತ್ತಲೇ ಬೈಯುವವಳು. ಬೈಸಿಕೊಂಡವರಿಗೆ ಮನೆ ಮುಟ್ಟಿದ ಮೇಲೆ ಉರಿ ಗೊತ್ತಾಗುತ್ತಿತ್ತು.

ಅವಳ ಬಲಗೈ ಹೆಬ್ಬೆರಳ ಬುಡ ಊದಿಕೊಂಡದ್ದು ಕತ್ತರಿಯಿಂದಲೇ. ಡಾಕ್ಟರು ಬೆರಳನ್ನು ಒತ್ತಿ ನೋಡಿ, "ಅಮ್ಮಾ, ಕತ್ತರಿ ಬಿಡ್ತೀರೋ ಬೆರಳು ಬಿಡ್ತೀರೋ?" ಎಂದು ಕೇಳಿದರಂತೆ. ಅಕ್ಕ ಮನೆಗೆ ಬರುವ ದಾರಿಯಲ್ಲಿ, ಮುಚ್ಚಿಹೋಗುತ್ತಿದ್ದ ಹೊಲಿಗೆ ಶಾಲೆಯೊಂದರಿಂದ ಬಟ್ಟೆ ಕತ್ತರಿಸುವ ಅಚ್ಚಿನ ಯಂತ್ರವನ್ನು ಹೊರಿಸಿಕೊಂಡೇ ಬಂದಳು.

ಯಂತ್ರವೆಂದರೆ ದೊಡ್ಡದೇನಲ್ಲ. ಎರಡು ಉರುಳೆ, ಪಕ್ಕಕ್ಕೊಂದು ಹಿಡಿಕೆ. ಜೊತೆಗೆ ಒಂದು ಹಲಗೆ. ಹಲಗೆಯ ಮೇಲಿನ ಸ್ಪಂಜಿನೊಳಗೆ ಬ್ಲೇಡುಗಳು ಅಡಗಿ ಕೂತಿರುತ್ತವೆ. ಬಟ್ಟೆಯನ್ನು ಪದರಪದರವಾಗಿ ಅದರ ಮೇಲಿಟ್ಟು, ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿ, ಹಿಡಿಕೆ ತಿರುಗಿಸಿದರೆ ಹಲಗೆ ಉರುಳೆಗಳ ನಡುವೆ ನುಗ್ಗಿ ಆಚೆ ಬರುತ್ತದೆ. ಹಾಳೆ ಎತ್ತಿದರೆ ಬಟ್ಟೆ ಕತ್ತರಿಸಿ ಮುಗಿದಿರುತ್ತದೆ. ಅಕ್ಕನಿಗೆ ಸಿಕ್ಕಿದ್ದು ಒಲೆಮನೆ ಚೌಕದ ಹಲಗೆ. ನಡುವೆ ಒಂದು ಸಣ್ಣ ಚೌಕ, ಅದು ಒಲೆ. ಅದರ ಸುತ್ತ, ಗೋಡೆಗೆ ಮರದ ದಿಮ್ಮಿ ಜೋಡಿಸಿದ ಹಾಗೆ ಒಂದರ ಪಕ್ಕ ಒಂದು ಪಟ್ಟಿ, ಸುತ್ತು ಹೆಚ್ಚಿದಂತೆ ಪಟ್ಟಿಯೂ ಉದ್ದ.

"ಅಚ್ಚಿನ ಕೆಲಸ ನಿನಗಿಂತ ಚೆನ್ನಾಗಿ ಯಾರಿಗೆ ಬರುತ್ತೆ, ಪುಟ್ಟ? ನೀನು ಕತ್ತರಿಸು, ನಾನು ಹೊಲೀತೀನಿ" ಎಂದಳು ಅಕ್ಕ. ಐವತ್ತು ದಾಟಿದ, ಮೀಸೆ ನರೆತ ಗಂಡಸನ್ನು ಪುಟ್ಟ ಎಂದು ಕರೆಯುವ ಪ್ರಾಣಿ ಭೂಮಿಯ ಮೇಲೆ ಅವಳೊಬ್ಬಳೇ. ಭಾವನ ಆ ಮಾತು ಬಿದ್ದದ್ದು ಆಗಲೇ.

ಸಿಡುಕಣ್ಣ ಲೋಟ ಕುಕ್ಕಿ ಎದ್ದ. "ಚರ್ಮ ಪಳಗಿಸಿದ ಕೈ ಇದು ಭಾವ! ಬಟ್ಟೆ ಯಾವ ಲೆಕ್ಕ?"

"ಲೆಕ್ಕ ಆಮೇಲೆ ಗೊತ್ತಾಗುತ್ತೆ ಬಿಡಯ್ಯ" ಎಂದ ಭಾವ.

ಮೊದಲ ದೊಡ್ಡ ಕೆಲಸ ಬಂದದ್ದು ಗಡಿಯಾರದಜ್ಜನ ಮನೆಯಿಂದ. ಜೀವಮಾನವಿಡೀ ಕೈಗಡಿಯಾರ ರಿಪೇರಿ ಮಾಡಿದ ಮುದುಕ, ಈಗ ಎರಡು ಕಣ್ಣೂ ಹೋಗಿದ್ದವು. ಅವನ ಹೆಂಡತಿ ಒಂದು ದೊಡ್ಡ ಗಂಟು ತಂದು ಮೇಜಿನ ಮೇಲಿಟ್ಟಳು.

"ನೋಡಮ್ಮ, ಅವರಿಗೆ ಬಣ್ಣ ಬೇಡ. ಬೆರಳಿಗೆ ಗೊತ್ತಾಗಬೇಕು. ಇವು ನನ್ನ ಹಳೇ ಬಟ್ಟೆ, ನುಣ್ಣಗಿದಾವೆ. ಇವು ಅವರ ಕೆಲಸದ ಕೋಟು, ಮಕ್ಕಳ ಶಾಲೆಯ ಬಟ್ಟೆ, ಒರಟು. ಕೈ ಆಡಿಸಿದರೆ, ಇದು ಇವಳು, ಇದು ಹುಡುಗರು ಅಂತ ತಿಳೀಬೇಕು. ಮನೆಯಲ್ಲಿ ಇರೋದು ಇಷ್ಟೇ ಬಟ್ಟೆ. ಮತ್ತೆ ಎಲ್ಲಿಂದ ತರಲಿ?"

ನಡುವಿನ ಒಲೆಗೆ ಅವಳು ಗಡಿಯಾರದ ಪೆಟ್ಟಿಗೆಗಳಿಂದ ಕೆಂಪು ಮಖಮಲ್ಲು ಕಿತ್ತು ತಂದಿದ್ದಳು. ಅಕ್ಕ ಅದನ್ನು ಕೆನ್ನೆಗೆ ಒತ್ತಿಕೊಂಡಳು. "ಚೌಕದ ಒಂದು ಅರ್ಧ ನುಣುಪು, ಇನ್ನೊಂದು ಅರ್ಧ ಒರಟು. ನಡುವೆ ಮಖಮಲ್ಲು. ದಾರಿ ತಪ್ಪೋದೇ ಇಲ್ಲ ನಿಮ್ಮ ಯಜಮಾನರಿಗೆ."

ಅಕ್ಕ ಆ ವಾರ ಬೇರೆ ಕೌದಿಯೊಂದರ ಅಂಚಿನಲ್ಲಿ ಮುಳುಗಿದ್ದಳು. ಒಳಕೋಣೆಯಲ್ಲಿ ಯಂತ್ರ ಸಿಡುಕಣ್ಣನ ಕೈಯಲ್ಲಿ. ಬಟ್ಟೆ ಇಷ್ಟೇ ಎಂದು ಕೇಳಿದ್ದೇ ಅವನೊಳಗಿನ ಹಳೇ ಕೆಲಸಗಾರ ತೋಳೇರಿಸಿದ. ಕಾರ್ಖಾನೆಯಲ್ಲಿ ಶಹಭಾಸ್ ಸಿಗುತ್ತಿದ್ದುದು ಒಂದು ಚರ್ಮದಲ್ಲಿ ಎಲ್ಲರಿಗಿಂತ ಒಂದು ಬೂಟಿನ ಅಟ್ಟೆ ಹೆಚ್ಚು ತೆಗೆದವನಿಗೆ. ಅಚ್ಚನ್ನು ಅತ್ತ ಓರೆ ಮಾಡಿ, ಇತ್ತ ಓರೆ ಮಾಡಿ, ಮೂಲೆಮೂಲೆಯನ್ನೂ ಹಿಂಡುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಇಲ್ಲಿ ಬ್ಲೇಡು ಅಲ್ಲಾಡದು, ಆದರೇನು, ಬಟ್ಟೆಯನ್ನೇ ಓರೆ ಮಾಡಿದ. ತೋಳಿನ ತುಂಡನ್ನು ಅಡ್ಡಡ್ಡ ಇಟ್ಟ, ಬೆನ್ನಿನ ಭಾಗವನ್ನು ಮೂಲೆಗೆ ಮೂಲೆ ಸೇರಿಸಿ ಇಟ್ಟ, ಹಿಡಿಕೆ ತಿರುಗಿಸಿದ. ಗಂಟೆಲ್ಲ ಮುಗಿದ ಮೇಲೂ ಒಂದು ಮುಷ್ಟಿ ಪಟ್ಟಿ ಹೆಚ್ಚೇ ಇತ್ತು. ಅದನ್ನು ಭಾವನ ಕಣ್ಣಿಗೆ ಬೀಳುವ ಹಾಗೆ ಚಹಾದ ಲೋಟದ ಪಕ್ಕದಲ್ಲೇ ಇಟ್ಟ.

ಅಕ್ಕ ಮೊದಲ ಚೌಕ ಹೊಲಿದಳು. ಇಸ್ತ್ರಿ ಒತ್ತಿದಳು. ಚೌಕ ಮೇಜಿನ ಮೇಲೆ ಮಲಗಲೊಲ್ಲದು. ನಡುವೆ ಟೋಪಿಯ ಹಾಗೆ ಉಬ್ಬಿತು. ಒತ್ತಿದಷ್ಟೂ ಪಟ್ಟಿಗಳು ಹಿಗ್ಗಿ, ಒಂದು ಅಂಚು ಉದ್ದ, ಒಂದು ಗಿಡ್ಡ. ಎತ್ತು ಏರಿಗೆ, ಕೋಣ ನೀರಿಗೆ. ಎರಡನೆಯದೂ ಹಾಗೆಯೇ. ಮೂರನೆಯದು ಇನ್ನೂ ಕೆಟ್ಟದು.

"ನಿನ್ನ ಹೊಲಿಗೆಯಂತ್ರ ಬಟ್ಟೆ ಎಳೀತಿದೆ, ಅಕ್ಕ" ಎಂದ ಸಿಡುಕಣ್ಣ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಎಂದಿತು ಒಳಗಿನಿಂದ ಭಾವನ ದನಿ.

"ನೀವು ಸುಮ್ಮನಿರಿ ಭಾವ! ನನ್ನ ಪಟ್ಟಿ ಅಳತೆ ಮಾಡಿ ನೋಡಿ, ಒಂದು ಕೂದಲೆಳೆ ವ್ಯತ್ಯಾಸ ಇದ್ದರೆ ಈ ಮೀಸೆ ಬೋಳಿಸ್ತೀನಿ!"

ಅಕ್ಕ ಒಂದು ಪಟ್ಟಿ ತೆಗೆದುಕೊಂಡು ಎರಡು ತುದಿ ಹಿಡಿದು ಮೆಲ್ಲಗೆ ಎಳೆದಳು. ಪಟ್ಟಿ ರಬ್ಬರಿನಂತೆ ಹಿಗ್ಗಿತು. ಬಿಟ್ಟಳು. ಮೊದಲಿನ ಅಳತೆಗೆ ಅದು ವಾಪಸು ಬರಲಿಲ್ಲ.

"ಓರೆ ಇಟ್ಟೆಯಾ ಪುಟ್ಟ?"

"ಬಟ್ಟೆ ಉಳಿಸಿದೆ."

"ಎಲ್ಲಾನೂ?"

ಅವನು ಖಾಲಿಯಾದ ಗಂಟಿನ ಕಡೆ ನೋಡಿದ. ಚರ್ಮಕ್ಕೆ ಹಾಸುಹೊಕ್ಕಿಲ್ಲ. ಬಟ್ಟೆಗೆ ಇದೆ. ನೂಲು ಹೋದ ದಾರಿಯಲ್ಲಿ ಕತ್ತರಿಸಿದರೆ ಬಟ್ಟೆ ಮಾತು ಕೇಳುತ್ತದೆ, ಓರೆಯಾಗಿ ಕತ್ತರಿಸಿದರೆ ಎಳೆದ ಕಡೆಗೆಲ್ಲ ಬರುತ್ತದೆ. ಹೊಲಿಯುವವರ ಮನೆಯ ಮಗುವಿಗೂ ಗೊತ್ತಿರುವ ವಿಷಯ. ಅವನಿಗೆ ಯಾರೂ ಹೇಳಿರಲಿಲ್ಲ, ಅವನು ಕೇಳುವವನೂ ಅಲ್ಲ. ಒಬ್ಬ ಮುದುಕಿಯ ಮನೆಯಲ್ಲಿದ್ದ ನೆನಪೆಲ್ಲ ಈಗ ಮೇಜಿನ ಮೇಲೆ ಓರೆಯಾಗಿ ಬಿದ್ದಿತ್ತು. ಮುದುಕನ ಬೆರಳೋ, ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗನ್ನು ಮುಟ್ಟಿ ಬೆಳೆದದ್ದು. ಈ ಉಬ್ಬನ್ನು ಅದು ಬಿಟ್ಟೀತೇ?

"ನಾನೇ ಹೋಗಿ ಹೇಳ್ತೀನಿ. ಬೈಲಿ. ಆಮೇಲೆ ಈ ಮನೆ ಕಡೆ ತಲೆ ಹಾಕಲ್ಲ" ಎಂದು ಚಪ್ಪಲಿ ಮೆಟ್ಟಿದ.

"ಹೋಗುವಂತೆ. ಮೊದಲು ಇಲ್ಲಿ ಬಾ, ಇದನ್ನ ಹಿಡ್ಕೋ."

ಅಕ್ಕ ಬೀರುವಿನಿಂದ ಬಿಳಿ ದುಪ್ಪಟಿಯೊಂದನ್ನು ತಂದಿದ್ದಳು. ಅವನಿಗೆ ಗುರುತು ಸಿಕ್ಕಿತು. ಅಮ್ಮ ಹೊದೆಯುತ್ತಿದ್ದದ್ದು. ತೊಳೆದು ತೊಳೆದು ಬೆಣ್ಣೆಯ ಹಾಗಾಗಿತ್ತು. ಅಮ್ಮನದೆಂದು ಉಳಿದದ್ದು ಅದೊಂದೇ. ಚಳಿ ಹೆಚ್ಚಾದ ದಿನ ಅಕ್ಕ ಅದನ್ನು ಹೊದೆಯುತ್ತಾಳೆಂದು ಅವನಿಗೆ ಗೊತ್ತಿತ್ತು.

"ಇದು ಯಾಕೆ?"

"ಓರೆ ಪಟ್ಟಿಗೆ ಬೆನ್ನು ಬೇಕು. ಚೌಕಕ್ಕೊಂದು ತುಂಡು ಕೆಳಗಿಟ್ಟು, ಅದರ ಮೇಲೇ ಪಟ್ಟಿ ಹೊಲಿದರೆ ಹಿಗ್ಗಲ್ಲ. ಹಿಂದಿನವರು ಹಾಗೇ ಮಾಡ್ತಿದ್ದಿದ್ದು."

"ಹೊಸ ಬಟ್ಟೆ ತಂದುಕೊಡ್ತೀನಿ ಅಕ್ಕ. ಈಗಲೇ ಅಂಗಡಿಗೆ ಹೋಗ್ತೀನಿ."

"ಹೊಸದು ಬಿರುಸು. ನುಣುಪು ಯಾವುದು ಒರಟು ಯಾವುದು ಅಂತ ಬೆರಳಿಗೆ ತಿಳಿಯೋಕೆ ಬಿಡಲ್ಲ. ಹಿಡ್ಕೋ ಅಂದೆ."

ಅವನು ತುದಿ ಹಿಡಿದ. ಅಕ್ಕ ಹಲ್ಲಿನಿಂದ ಅಂಚನ್ನು ಕಚ್ಚಿ ಸೀಳಿ, ಇನ್ನೊಂದು ತುದಿ ಎಳೆದಳು. ದುಪ್ಪಟಿ ಪರ್ರೆಂದು ಹರಿಯಿತು. ಗೆರೆ ಎಳೆದ ಹಾಗೆ ನೇರವಾಗಿ, ಒಂದು ಕೂದಲೂ ಆಚೀಚೆ ಇಲ್ಲದೆ.

"ನೋಡಿದೆಯಾ ನೂಲಿನ ದಾರಿ?" ಎಂದಳು.

ಅವನಿಗೆ ಕಣ್ಣು ಮಂಜಾಗಿ ಏನೂ ಕಾಣಿಸುತ್ತಿರಲಿಲ್ಲ. "ಹೂಂ" ಎಂದ.

ಎಲ್ಲವನ್ನೂ ಅವರಿಬ್ಬರೇ ಹರಿದರು. ಆಮೇಲಿನ ದಿನಗಳಲ್ಲಿ ಅಕ್ಕ ಒಲೆಯಿಂದ ಶುರುಮಾಡಿ ಪಟ್ಟಿಯ ಮೇಲೆ ಪಟ್ಟಿ ಕೂರಿಸುತ್ತ ಹೋದಳು. ಅವನು ಪಕ್ಕದಲ್ಲಿ ನಿಂತು ಒಂದೊಂದನ್ನೇ ಎತ್ತಿ ಕೊಟ್ಟ, ಎಳೆಯದಂತೆ, ಮೊಟ್ಟೆ ಎತ್ತಿದ ಹಾಗೆ. ಚೌಕಗಳು ಮೇಜಿನ ಮೇಲೆ ಸಪಾಟಾಗಿ ಮಲಗಿದವು.

ಕೌದಿಯನ್ನು ಇಬ್ಬರೂ ಹೊತ್ತೊಯ್ದರು. ಗಡಿಯಾರದಜ್ಜ ಕುರ್ಚಿಯಲ್ಲಿ ಕೂತಿದ್ದ. ಕೌದಿ ತೊಡೆಯ ಮೇಲೆ ಬಿದ್ದದ್ದೇ ಅವನ ಬೆರಳುಗಳು ಇರುವೆಗಳ ಹಾಗೆ ಹೊರಟವು. ಮಖಮಲ್ಲಿನ ಮೇಲೆ ನಿಂತವು, ಅಲ್ಲಿಂದ ನುಣುಪಿಗೆ ಇಳಿದವು. "ಇವಳು" ಎಂದ. ಒರಟಿಗೆ ದಾಟಿದವು. "ದೊಡ್ಡವನು. ಮೊಣಕೈ ಸವೆದಿದೆ ನೋಡು, ಯಾವಾಗಲೂ ಡೆಸ್ಕಿನ ಮೇಲೆ ಮಲಗ್ತಿದ್ದ ಕಳ್ಳ." ಮುದುಕಿ ನಗುತ್ತ ಮುಖ ಒರೆಸಿಕೊಂಡಳು.

ಬೆರಳುಗಳು ತಟ್ಟನೆ ನಿಂತವು. ಎರಡು ಬೆರಳ ನಡುವೆ ಕೌದಿಯನ್ನು ಹಿಡಿದು ಅಜ್ಜ ಉಜ್ಜಿ ನೋಡಿದ.

"ಒಳಗೆ ಇನ್ನೊಂದು ಪದರ ಇದೆಯಲ್ಲಮ್ಮ. ತುಂಬ ಹಳೇದು. ಇದು ನಮ್ಮ ಮನೇದಲ್ಲ."

"ನಮ್ಮಮ್ಮಂದು" ಎಂದಳು ಅಕ್ಕ.

"ಯಾಕಮ್ಮ ಹಾಕಿದೆ?"

ಸಿಡುಕಣ್ಣ ಬಾಯಿ ತೆರೆದ. ಅಕ್ಕ ಅವನ ಕಾಲು ತುಳಿದಳು. "ಬೆಚ್ಚಗಿರಲಿ ಅಂತ" ಎಂದಳು.

ದಾರಿಯುದ್ದಕ್ಕೂ ಅವನು ಅವಳ ಜೊತೆ ಜಗಳವಾಡಿದ. ಹೇಳೋಕೆ ಬಿಡಬೇಕಿತ್ತು, ನಾನೇನು ಹೆದರಿಕೊಳ್ಳೋನಾ, ಹೀಗೆ. ಅವಳು ಅಂಗಡಿಯೊಂದರ ಮುಂದೆ ನಿಂತು ದಾರದ ಬಣ್ಣ ನೋಡುತ್ತಿದ್ದಳು.

ಮಾರನೆಯ ವಾರವೇ ಅವನು ಒಳ್ಳೆಯ ಬಿಳಿ ದುಪ್ಪಟಿಯೊಂದನ್ನು ಕಾಗದದಲ್ಲಿ ಸುತ್ತಿಸಿಕೊಂಡು ಬಂದು ಅವಳ ಮುಂದಿಟ್ಟ. ಅಕ್ಕ ಬಿಚ್ಚಿದಳು. ಎಂದಿನಂತೆ ಮೊದಲು ಮುಟ್ಟಿದಳು.

"ಚೆನ್ನಾಗಿದೆ ಪುಟ್ಟ. ಇದನ್ನ ಅಮ್ಮ ಹೊದ್ದಷ್ಟು ವರ್ಷ ಹೊದ್ದು, ತೊಳೆದು ತಗೊಂಡು ಬಾ. ಆಮೇಲೆ ಇಸ್ಕೋತೀನಿ."

ತಮಾಷೆಗೆ ಅಂದಳೋ, ನಿಜಕ್ಕೆ ಅಂದಳೋ, ಅವಳ ಮುಖದಲ್ಲಿ ಗೊತ್ತಾಗುವುದಿಲ್ಲ. ಸಿಡುಕಣ್ಣ ಅದನ್ನು ಮಡಿಸಿ ಮನೆಗೆ ಒಯ್ದ. ದಿನಾ ಬೆಳಿಗ್ಗೆ ಅಕ್ಕನ ಮನೆಗೆ ಹೋಗಿ ಬಟ್ಟೆಯನ್ನು ನೂಲಿನ ದಾರಿಗೆ ಇಟ್ಟು ಹಿಡಿಕೆ ತಿರುಗಿಸುತ್ತಾನೆ, ಸಂಜೆ ಬಂದು ಆ ದುಪ್ಪಟಿ ಹೊದ್ದು ಮಲಗುತ್ತಾನೆ. ರಜೆಯ ದಿನ ಒಗೆಯುವ ಕಲ್ಲಿಗೆ ಸಿಟ್ಟೆಲ್ಲ ತೀರುವ ಹಾಗೆ ಬಡಿದು ಒಗೆದು ಬಿಸಿಲಿಗೆ ಹಾಕುತ್ತಾನೆ. ಒಣಗಿದ ಮೇಲೆ ಮುಟ್ಟಿ ನೋಡುತ್ತಾನೆ.

ಇನ್ನೂ ಬಿರುಸಾಗಿಯೇ ಇದೆ.