‘ಅಕ್ಕಾ, ಗಾಡಿ ಹತ್ತು’

ಕೊಟ್ಟೂರಿನ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಎದುರಿಗೆ ಒಂದು ಖಾನಾವಳಿ. ಅಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದ ಹೆಂಗಸನ್ನು ನಾವೆಲ್ಲ ರೊಟ್ಟಿ ಅಕ್ಕ ಎಂದೇ ಕರೆಯುತ್ತಿದ್ದೆವು. ಐವತ್ತರ ಆಸುಪಾಸಿನ ವಯಸ್ಸು, ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ತುರುಬು, ಹಳೆಯದಾದರೂ ಒಗೆದು ಮಡಿಕೆ ಹಾಕಿ ಉಟ್ಟ ಸೀರೆ. ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತು, ಸುಟ್ಟ ಬೆರಳಿಗೆ ಗಾಳಿ ಊದಿಕೊಳ್ಳುತ್ತ ಮಾತಾಡುತ್ತಿದ್ದಳು.

ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ದಿನ ತಗಡಿನ ಟ್ರಂಕು ಹೊತ್ತುಕೊಂಡು ಬಂದಳು. ಅದನ್ನು ನನ್ನ ಅಂಗಡಿಯ ಮೂಲೆಯಲ್ಲಿ ಇಟ್ಟುಕೊಳ್ಳಲು ಆಗುತ್ತದೆಯೇ ಎಂದು ಕೇಳಿದಳು. ಮನೆಯಲ್ಲಿ ಜಾಗ ಇಲ್ಲವೇ ಎಂದೆ. ಟ್ರಂಕನ್ನು ಮೆಟ್ಟಿಲ ಮೇಲೆ ಇಳಿಸಿದಳು.

“ಮನಿ ಇಲ್ರಿ ಅಕ್ಕಾರ. ಸ್ಟೇಷನ್ನಾಗ ಮಲಗ್ತೀನಿ. ಮಳಿ ಬಂದ್ರ ಇದು ನೆನಿತೈತಿ.”

ನಾನು ಕತ್ತರಿಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟೆ. ಮನೆ ಇಲ್ಲದವರೆಂದರೆ ನನ್ನ ಕಣ್ಣಿಗೆ ಬರುತ್ತಿದ್ದುದು ಕೂದಲು ಜಡೆಗಟ್ಟಿದವರು, ತಮ್ಮಷ್ಟಕ್ಕೆ ಮಾತಾಡಿಕೊಳ್ಳುವವರು, ಗುಡಿಯ ಮುಂದೆ ಕೈಚಾಚುವವರು. ದಿನಾ ದುಡಿದು, ದಿನಾ ಸ್ನಾನ ಮಾಡಿ, ಊರಿನ ಅರ್ಧ ಮಂದಿಗೆ ಊಟ ಹಾಕುವ ಹೆಂಗಸಿಗೆ ಮಲಗಲು ಜಾಗ ಇಲ್ಲ ಎಂಬುದು ನನ್ನ ತಲೆಗೆ ಇಳಿಯಲಿಲ್ಲ. ಸ್ಟೇಷನ್ನಿನ ನಲ್ಲಿಯಲ್ಲಿ ಜನ ಏಳುವ ಮೊದಲೇ ಮೈ ತೊಳೆದುಕೊಂಡು, ಒದ್ದೆ ಸೀರೆಯನ್ನು ಖಾನಾವಳಿಯ ಹಿಂದಿನ ಒಲೆಯ ಕಾವಿಗೆ ಒಣಗಿಸುತ್ತಿದ್ದಳಂತೆ.

ಆಮೇಲೆ ಒಂದೊಂದಾಗಿ ಹೇಳಿದಳು. ಗಂಡ ಮಂಡಿಯಲ್ಲಿ ಹಮಾಲಿ. ಅವನು ತೀರಿಕೊಂಡ ಮೇಲೂ ಅದೇ ಬಾಡಿಗೆ ಮನೆಯಲ್ಲಿ ಇದ್ದಳು, ಬಾಡಿಗೆಯನ್ನೂ ತಪ್ಪಿಸಿರಲಿಲ್ಲ. ಮಾಲೀಕರು ಮಳಿಗೆ ಕಟ್ಟಿಸಲು ಮನೆ ಕೆಡವಿದರು. ಅಲ್ಲಿಂದ ಮುಂದೆ ಯಾರೂ ಮನೆ ಕೊಡಲಿಲ್ಲ. ಮಕ್ಕಳಿಲ್ಲ. ತವರಿನಲ್ಲಿ ಅಣ್ಣ ತೀರಿಕೊಂಡಿದ್ದಾನೆ, ಅತ್ತಿಗೆ ಬಾಗಿಲು ತೆರೆಯುವುದಿಲ್ಲ.

ದುಡಿಯುವವಳಿಗೆ ಬಾಡಿಗೆ ಮನೆ ಸಿಗದೇ ಇರುತ್ತದೆಯೇ, ನಾನೇ ಕೊಡಿಸುತ್ತೇನೆ ಎಂದು ಹೊರಟೆ. ಈ ಊರಿನಲ್ಲೇ ಹುಟ್ಟಿ ಬೆಳೆದವಳು ನಾನು. ಯಾರ ಮನೆಯ ಹಿಂದೆ ಯಾವ ಖೋಲಿ ಖಾಲಿ ಇದೆ ಎಂಬುದು ನನಗೆ ಗೊತ್ತು. ಮೊದಲನೆಯ ಮನೆಯವರು ಗಂಡಸರು ಯಾರಿದ್ದಾರೆ ಎಂದು ಕೇಳಿದರು. ಇನ್ನೊಂದು ಮನೆಯಲ್ಲಿ ಯಾವ ಮಂದಿ ಎಂದು ಜಾತಿ ಕೇಳಿದರು. ನನ್ನಿಂದ ಮಗಳ ಮದುವೆಯ ರವಿಕೆಗಳನ್ನೆಲ್ಲ ಹೊಲಿಸಿಕೊಂಡಿದ್ದ ಒಬ್ಬರು ಚಹಾ ಕೊಟ್ಟು, ಒಂಟಿ ಹೆಂಗಸನ್ನು ಇಟ್ಟುಕೊಂಡರೆ ನಾಳೆ ಹೋಗುವವರು ಬರುವವರು ಹೆಚ್ಚಾಗುತ್ತಾರೆ ಎಂದು ದನಿ ತಗ್ಗಿಸಿ ಹೇಳಿದರು. ಲೋಟ ಕೆಳಗಿಟ್ಟು ಎದ್ದು ಬಂದೆ. ಮನೆಯಿಲ್ಲದ್ದಕ್ಕೇ ಅವಳ ನಡತೆಯ ಮೇಲೆ ಅನುಮಾನ, ಅನುಮಾನವಿದ್ದದ್ದಕ್ಕೇ ಮನೆಯಿಲ್ಲ. ರೊಟ್ಟಿ ಅಕ್ಕ ಮಾತ್ರ ಬಿಡ್ರಿ ಅಕ್ಕಾರ, ನನಗಿದು ರೂಢಿ ಆಗೈತಿ ಎಂದಳು. ರೂಢಿ ಎಂಬ ಆ ಮಾತು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಮಳೆಗಾಲ ಮುಗಿದ ಮೇಲೆ ನಮ್ಮ ಬಜಾರಿನಲ್ಲಿ ಹೊಸ ಮಳಿಗೆ ಸಾಲೊಂದು ತಯಾರಾಯಿತು. ಉದ್ಘಾಟನೆಗೆ ದೊಡ್ಡವರು ಬರುತ್ತಾರೆಂದು ಸುದ್ದಿ. ರಸ್ತೆಗೆ ಸುಣ್ಣದ ಗೆರೆ ಎಳೆದರು, ತಳಿರು ತೋರಣ ಕಟ್ಟಿದರು. ಅಂದು ಮುಂಜಾನೆ ಖಾನಾವಳಿಯ ಒಡತಿ ನನ್ನ ಅಂಗಡಿಗೆ ಬಂದು ರೊಟ್ಟಿ ಅಕ್ಕ ಇನ್ನೂ ಬಂದಿಲ್ಲ ಎಂದಳು. ಜ್ವರವಿದ್ದರೂ ತಪ್ಪಿಸದವಳು. ಇಬ್ಬರೂ ಸ್ಟೇಷನ್ನಿಗೆ ಹೋದೆವು. ಅವಳು ಮಲಗುತ್ತಿದ್ದ ಕಲ್ಲಿನ ಬೆಂಚು ಖಾಲಿ. ಪಕ್ಕದಲ್ಲಿ ಸದಾ ಕೂತಿರುತ್ತಿದ್ದ ಮಾತು ಬಾರದ ಮುದುಕನೂ ಇಲ್ಲ. ಆಚೆ ಮರದ ಕೆಳಗಿನವರೂ ಇಲ್ಲ.

ಚಹಾ ಮಾರುವವನು ಅತ್ತಿತ್ತ ನೋಡಿ ಹೇಳಿದ. ಬೆಳಗು ಹರಿಯುವ ಮೊದಲೇ ಸರಕು ಸಾಗಿಸುವ ಟೆಂಪೋ ಬಂದಿತ್ತು. ಆಶ್ರಮಕ್ಕೆ ಕರೆದುಕೊಂಡು ಹೋಗುತ್ತೇವೆ, ಅಲ್ಲಿ ಊಟ ಇದೆ ಎಂದು ಹೇಳಿ ಎಲ್ಲರನ್ನೂ ಹತ್ತಿಸಿದರು. ರೊಟ್ಟಿ ಅಕ್ಕ ನಲ್ಲಿಯ ಹತ್ತಿರ ಇದ್ದಳು. ನನಗೆ ಕೆಲಸ ಇದೆ, ಬೇಕಾದರೆ ಖಾನಾವಳಿಯಲ್ಲಿ ಕೇಳಿ ಎಂದು ಕೂಗಿಕೊಂಡರೂ ಬಿಡಲಿಲ್ಲ. ಹತ್ತಿಸಿದವರು ಯಾರು ಎಂದೆ. ಬಜಾರಿನವರೇ ಎಂದು ಹೇಳಿ ಚಹಾ ಸೋಸತೊಡಗಿದ.

ನನ್ನ ಗಂಡನದು ಬಜಾರಿನಲ್ಲಿ ಪಾತ್ರೆ ಅಂಗಡಿ. ಮಧ್ಯಾಹ್ನ ಊಟಕ್ಕೆ ಬಂದಾಗ ಕೇಳಿದೆ. ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ.

“ಎಲ್ಲಾರೂ ಕೂಡಿ ಮಾಡೇವಿ. ಟೆಂಪೋ ರೊಕ್ಕದಾಗ ನಂದೂ ಪಾಲು ಐತಿ. ದೊಡ್ಡಮಂದಿ ಬರೋ ದಾರ್‍ಯಾಗ ಅವರು ಹಂಗ ಬಿದ್ಕಂಡಿದ್ರ ಊರಿನ ಮರ್ಯಾದಿ ಏನಾಕೈತಿ?”

ಅವರಲ್ಲಿ ರೊಟ್ಟಿ ಅಕ್ಕನೂ ಇದ್ದಳು ಎಂದೆ. ಅವಳು ಅಲ್ಲಿ ಇರುವುದು ತಮಗೆ ಗೊತ್ತಿರಲಿಲ್ಲ ಎಂದರು. ನಾನು ಬಿಡಲಿಲ್ಲ.

“ಆಕಿ ಅಂತ ಗೊತ್ತಿದ್ರ ಬಿಟ್ಟು, ಉಳಿದವರನ್ನ ಒಯ್ತಿದ್ರೇನು? ಎಲ್ಲಿ ಇಳಿಸ್ಯಾರ ಹೇಳ್ರಿ.”

ಹಡಗಲಿ ಕಡೆ ಎಂದಷ್ಟೇ ಹೇಳಿದರು. ಆಶ್ರಮದ ಹೆಸರು ಕೇಳಿದರೆ ಕೈ ತೊಳೆಯಲು ಎದ್ದರು. ಆಶ್ರಮ ಎಂಬುದೇ ಇರಲಿಲ್ಲ. ಒಂದು ಊರಿನ ಕಸವನ್ನು ಇನ್ನೊಂದು ಊರಿನ ಹಾದಿಗೆ ಸುರಿದು ಬಂದಿದ್ದರು, ಅಷ್ಟೇ. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಅವರ ಮುಂದೆ ದನಿ ಎತ್ತಿದವಳಲ್ಲ. ಅಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ನೆರೆಮನೆಯವರು ಕಿಟಕಿ ಹಾಕಿಕೊಂಡರು.

ಅದೇ ದಿನ ನಾನು, ಖಾನಾವಳಿಯ ಒಡತಿ ಇಬ್ಬರೂ ಬಸ್ಸು ಹತ್ತಿದೆವು. ಮೊದಲು ಹಗರಿಬೊಮ್ಮನಹಳ್ಳಿಗೆ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿದೆವು. ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು ನಾವು ಹುಡುಕುವುದನ್ನು ಕೇಳಿ, ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು. ಇದೇನು ಹೊಸದಲ್ಲ, ಆ ಊರಿನವರು ಇಲ್ಲಿ ತಂದು ಬಿಡುತ್ತಾರೆ, ಈ ಊರಿನವರು ಮತ್ತೆಲ್ಲೋ ಒಯ್ದು ಬಿಡುತ್ತಾರೆ, ಯಾವ ಗಾಡಿಯಲ್ಲಿ ಯಾರು ಬಂದರೆಂದು ಯಾರು ನೋಡುತ್ತಾರೆ ಎಂದಳು. ನಮ್ಮೂರಿನ ಸ್ಟೇಷನ್ನಿನಲ್ಲಿ ಹೊಸ ಮುಖಗಳು ಕಂಡಾಗಲೆಲ್ಲ ಇವರು ಎಲ್ಲಿಂದ ಬರುತ್ತಾರೋ ಎನ್ನುವವರನ್ನು ನೆನೆಸಿಕೊಂಡೆ. ಎಲ್ಲಿಂದಲೂ ಬರುವುದಿಲ್ಲ. ಅವರನ್ನು ತಂದು ಬಿಡುತ್ತಾರೆ. ನಮ್ಮಂತೆಯೇ ಮರ್ಯಾದೆ ಇರುವ ಊರುಗಳು ತಂದು ಬಿಡುತ್ತವೆ.

ಹಡಗಲಿಯಲ್ಲಿ ಕತ್ತಲಾಗುವವರೆಗೆ ಸುತ್ತಿದರೂ ಸುಳಿವು ಸಿಗಲಿಲ್ಲ. ಒಡತಿಯ ಸಂಬಂಧಿಕರ ಮನೆಯಲ್ಲಿ ಉಳಿದು, ಮರುದಿನ ಮತ್ತೆ ಹುಡುಕಿದೆವು. ಇಟ್ಟಿಗಿಯ ಕಡೆಯಿಂದ ಬಂದ ಆಟೋದವನೊಬ್ಬ ನಿನ್ನೆ ಮುಂಜಾನೆ ಅಲ್ಲಿ ರಸ್ತೆಯ ಮೇಲೆ ನಾಲ್ಕಾರು ಮಂದಿ ಬಿದ್ದಿದ್ದನ್ನು ನೋಡಿದ್ದೆ ಎಂದ. ಅವನ ಆಟೋದಲ್ಲೇ ಹೋದೆವು. ರಸ್ತೆಯ ಮೇಲೆ ಯಾರೂ ಇರಲಿಲ್ಲ. ಊರೊಳಗೆ ಕೇಳುತ್ತ ಹೋದಾಗ, ಮದುವೆಯ ಮನೆಯೊಂದರಲ್ಲಿ ಪರವೂರಿನ ಹೆಂಗಸು ರೊಟ್ಟಿ ಬಡಿಯುತ್ತಿದ್ದಾಳೆ ಎಂದರು.

ಹಿತ್ತಲಿನ ಒಲೆಯ ಮುಂದೆ ಕೂತಿದ್ದಳು. ಯಾರೋ ಕೊಟ್ಟ ಸೀರೆ ಉಟ್ಟಿದ್ದಳು. ತುರುಬು ಬಿಚ್ಚಿಹೋಗಿತ್ತು. ಮೊಣಕೈ ತರಚಿ ರಕ್ತ ಕಪ್ಪಗೆ ಹೆಪ್ಪುಗಟ್ಟಿತ್ತು. ಪಕ್ಕದಲ್ಲಿ ಗೋಡೆಗೊರಗಿ ಆ ಮಾತು ಬಾರದ ಮುದುಕ ಕೂತಿದ್ದ. ಅವನ ಮುಂದೆ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಇಟ್ಟಿದ್ದಳು. ಅವನನ್ನು ರಸ್ತೆಯಲ್ಲಿ ಬಿಟ್ಟು ಬರಲು ಮನಸ್ಸಾಗಲಿಲ್ಲವಂತೆ. ಉಳಿದವರು ಆ ಬೆಳಗಿನಲ್ಲೇ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ನಡೆದು ಹೋಗಿದ್ದರು.

ನಮ್ಮನ್ನು ನೋಡಿ ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಹೆಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು.

“ಹತ್ತಿಸಿದವನು ದಿನಾ ನನ್ನ ಕೈಯಾನ ರೊಟ್ಟಿ ತಿಂದವನು, ಅಕ್ಕಾರ. ಅಕ್ಕಾ, ಇನ್ನೊಂದು ಬಿಸಿದು ಹಾಕು ಅಂತಿದ್ದ. ಅವತ್ತೂ ಹಂಗ ಅಂದ. ಅಕ್ಕಾ, ಗಾಡಿ ಹತ್ತು. ಅಂದು, ರಟ್ಟಿ ಹಿಡಿದು ಜಗ್ಗಿದ.”

ಖಾನಾವಳಿಯ ಒಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಡಿ, ಊರಿಗೆ ಹೋಗೋಣ, ಖಾನಾವಳಿಯಲ್ಲೇ ಮಲಗುವೆಯಂತೆ ಎಂದಳು. ರೊಟ್ಟಿ ಅಕ್ಕ ಅಡ್ಡಡ್ಡ ತಲೆಯಾಡಿಸಿದಳು.

“ಬರಂಗಿಲ್ರಿ. ಅವರಿಗೆ ಮತ್ತ ನಾ ರೊಟ್ಟಿ ಹಾಕಂಗಿಲ್ಲ.”

ಮದುವೆ ಮುಗಿಯುವವರೆಗೆ ಅವಳು ಆ ಮನೆಯಲ್ಲೇ ಇರಲಿ ಎಂದು ಮನೆಯವರನ್ನು ಒಪ್ಪಿಸಿದೆವು. ಮುದುಕನನ್ನು ಹಡಗಲಿಯ ಆಸ್ಪತ್ರೆಗೆ ಸೇರಿಸಿದೆವು. ನಾಲ್ಕು ದಿನ ಬಿಟ್ಟು ನಾನು ನೋಡಲು ಹೋದಾಗ ಅವನ ಹಾಸಿಗೆಯಲ್ಲಿ ಬೇರೆ ಯಾರೋ ಇದ್ದರು. ಎದ್ದು ಹೋದ ಎಂದರು. ಮಾತು ಬಾರದವನು ಎಲ್ಲಿಗೆ ಹೋದ, ಯಾರನ್ನು ಏನೆಂದು ಕೇಳಿದ, ನನಗೆ ಗೊತ್ತಿಲ್ಲ. ಇವತ್ತಿಗೂ ಬಸ್ಸಿನಲ್ಲಿ ಹೋಗುವಾಗ ರಸ್ತೆ ಬದಿಯ ಮುದುಕರ ಮುಖ ನೋಡುತ್ತೇನೆ.

ಕೂಡ್ಲಿಗಿಯಲ್ಲಿ ನನ್ನ ಹಳೆಯ ಗಿರಾಕಿ ಒಬ್ಬಳಿದ್ದಾಳೆ, ನರ್ಸ್. ಮದುವೆಗೆ ಮುಂಚೆ ನಮ್ಮೂರಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದವಳು. ಫೋನು ಮಾಡಿ ಎಲ್ಲ ಹೇಳಿದೆ. ಕರೆದುಕೊಂಡು ಬನ್ನಿ ಎಂದಳು. ಟ್ರಂಕನ್ನೂ ತೆಗೆದುಕೊಂಡು ಹೋದೆವು. ಬುದ್ಧನ ಪಟ ತೂಗುಹಾಕಿದ್ದ ನಡುಮನೆ ದಾಟಿ, ಹಿಂದಿನ ಖೋಲಿಯ ಬೀಗ ತೆಗೆದು ತೋರಿಸಿದಳು. ಗಂಡಸರು ಯಾರು, ಯಾವ ಮಂದಿ, ಒಂದನ್ನೂ ಕೇಳಲಿಲ್ಲ.

“ನೀರು ದಿನಾ ಬರಂಗಿಲ್ಲ, ಅಕ್ಕಾ. ಬಂದಾಗ ತುಂಬಿಟ್ಕೋಬೇಕು.”

ಅಷ್ಟೇ ಅವಳು ಹಾಕಿದ ಕರಾರು. ಹೊರಗೆ ಬಂದ ಮೇಲೆ ನಾನು ಅವಳ ಕೈ ಹಿಡಿದುಕೊಂಡೆ. ಅವಳಿಗೆ ಅದು ಅಷ್ಟು ಹಿಡಿಸಿದಂತೆ ಕಾಣಲಿಲ್ಲ. ಕೆಲಸ ಸಿಕ್ಕ ಹೊಸದರಲ್ಲಿ, ಕೈತುಂಬ ಸಂಬಳವಿದ್ದರೂ, ತಮ್ಮ ಜಾತಿ ಕೇಳಿ ಎಷ್ಟು ಬಾಗಿಲು ಮುಚ್ಚಿದ್ದರು ಎಂಬುದನ್ನು ನೆನಪು ಮಾಡಿದಳು. ಅದರಲ್ಲಿ ನಮ್ಮ ಓಣಿಯ ಬಾಗಿಲುಗಳೂ ಇದ್ದವು. ದನಿ ಏರಿಸದೇ ಹೇಳಿದಳು. ಕೂಗಾಡಿದ್ದರೂ ನನಗೆ ಅಷ್ಟು ನಾಟುತ್ತಿರಲಿಲ್ಲ.

ರೊಟ್ಟಿ ಅಕ್ಕ ಈಗ ಕೂಡ್ಲಿಗಿಯಲ್ಲಿ ಮನೆಯಲ್ಲೇ ರೊಟ್ಟಿ ಬಡಿದು ಅಂಗಡಿಗಳಿಗೆ ಕೊಡುತ್ತಾಳೆ. ಬಾಗಿಲ ಮುಂದೆ ರಂಗೋಲಿ ಹಾಕುತ್ತಾಳೆ. ನಾನು ಹೋದರೆ ಖೋಲಿಯ ಚಿಲಕ ಒಳಗಿನಿಂದ ಹಾಕಿಕೊಂಡೇ ಮಾತಿಗೆ ಕೂರುತ್ತಾಳೆ. ಮೊದಮೊದಲು ಯಾಕೆ ಎಂದು ಕೇಳಿದ್ದೆ. ಚಿಲಕ ಐತಲ್ರಿ, ಅದಕ್ಕ ಎಂದು ನಕ್ಕಳು.

ಇತ್ತ ನಮ್ಮೂರಿನಲ್ಲಿ ಉದ್ಘಾಟನೆ ಚೆನ್ನಾಗಿಯೇ ನಡೆಯಿತು. ಟೆಂಪೋ ಗೊತ್ತು ಮಾಡಿದ ಬಜಾರಿನ ಮುಖಂಡನ ಹೆಂಡತಿ ರವಿಕೆ ಹೊಲಿಯಲು ಕೊಟ್ಟಿದ್ದ ರೇಷ್ಮೆ ಕಣವನ್ನು ನಾನು ಕತ್ತರಿಸದೇ ವಾಪಸ್ಸು ಕೊಟ್ಟು ಬಂದೆ. ಕಾರಣ ಕೇಳಿದಳು, ಹೇಳಿದೆ. ಗಂಡಸರ ವ್ಯವಹಾರ, ನಮಗೇಕೆ ಎಂದಳು. ಈಗ ಆ ಕಡೆಯ ಯಾರೂ ನನ್ನ ಅಂಗಡಿಗೆ ಬರುವುದಿಲ್ಲ. ಬಾರದಿದ್ದರೆ ಬೇಡ. ಸ್ಟೇಷನ್ನಿನ ಕಲ್ಲಿನ ಬೆಂಚುಗಳ ನಡುವೆ ಈಗ ಕಬ್ಬಿಣದ ಪಟ್ಟಿ ಕೂರಿಸಿದ್ದಾರೆ, ಯಾರೂ ಕಾಲು ಚಾಚಬಾರದೆಂದು. ಜನ ಅದರ ಪಕ್ಕದಲ್ಲಿ ನೆಲದ ಮೇಲೆ ಮಲಗುತ್ತಾರೆ.

ಮೊನ್ನೆ ಕೂಡ್ಲಿಗಿಗೆ ಹೋಗಿ ಬಂದ ದಿನ, ಊಟಕ್ಕೆ ಕೂತಾಗ ನನ್ನ ಗಂಡ ಅವಳ ವಿಷಯ ಕೇಳಿದರು. ಚೆನ್ನಾಗಿದ್ದಾಳೆ, ಖೋಲಿ ಇದೆ, ಕೆಲಸ ಇದೆ ಎಂದೆ. ಅವರ ಮುಖ ಅರಳಿತು.

“ನೋಡು ಮತ್ತ, ಒಳ್ಳೇದ ಆತಲ್ಲ. ಇಲ್ಲೇ ಇದ್ದಿದ್ರ ಆಕಿಗೆ ಖೋಲಿ ಎಲ್ಲಿ ಸಿಗ್ತಿತ್ತು?”

ಅವರಿಗೆ ನಿಜವಾಗಿ ಸಮಾಧಾನವಾಗಿತ್ತು. ತಮ್ಮ ಪಾಲು ಪುಣ್ಯಕ್ಕೆ ಸೇರಿತೆಂದು ಅವರು ನಂಬಿದ್ದರು. ನನ್ನ ಕೈಯಲ್ಲಿ ಸಾರಿನ ಸೌಟು ಇತ್ತು. ಅದನ್ನು ಪಾತ್ರೆಯೊಳಗೆ ಬಿಟ್ಟು, ಪಾತ್ರೆಯನ್ನು ಅವರ ಮುಂದೆ ಸರಿಸಿ, ಎದ್ದು ಹೊರಗೆ ಬಂದೆ. ಅಂದಿನಿಂದ ಅಡುಗೆ ಮಾಡಿಡುತ್ತೇನೆ. ಬಡಿಸುವುದಿಲ್ಲ. ತಾವೇ ಬಡಿಸಿಕೊಳ್ಳುತ್ತಾರೆ.